ಟೋಪಿ ತೆಗೆದ ಜೋಗಿ

ಈಗ ಮೊಮ್ಮಕ್ಕಳಿರುವ ಕೂಕಲ್ತೊರೈಯ ಜೋಗಿಯೂ ನಾನೂ ಕೊಯಮತ್ತೂರಿನ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಚರ್ಚಾಕೂಟದಲ್ಲಿ ಬೇರೆಯವರಿಗೆ ಬಾಯಿ ತೆರೆಯಲು ಬಿಡದ ಮಹಾಶಯ, ಹೆಣ್ಣುಮಕ್ಕಳೆದುರು ಮಾತ್ರ ಬೆವರುತ್ತಿದ್ದ. 1934ರ ಬೇಸಿಗೆ ರಜೆಯಲ್ಲಿ, ತಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಕಟ್ಟಬೆಟ್ಟಿನ ಮಾಸಿ ಎಂಬ ಹುಡುಗಿಯನ್ನು ಊಟಿಯ ಹೂತೋಟದಲ್ಲಿ ಮಾತಾಡಿಸಲು ನನ್ನ ಕೋಟು ಹಾಕಿಕೊಂಡು ಹೊರಟ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ನಾನೇ ಬಾಯಿಪಾಠ ಮಾಡಿಸಿದ್ದೆ.

ನೀಲಗಿರಿಯ ಬಡಗ ಜನರಾದ ಅವರಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಗ್ಗಿಸುತ್ತಾರೆ. ಹಿರಿಯರು ನೆತ್ತಿ ಮುಟ್ಟಿ ಹರಸುತ್ತಾರೆ. ಮಾಸಿಯನ್ನು ಕಂಡ ಗಾಬರಿಗೆ ಈ ಪುಣ್ಯಾತ್ಮ ಟೋಪಿ ತೆಗೆದು, ತನಗಿಂತ ಚಿಕ್ಕವಳ ಮುಂದೆ ತಲೆ ಬಗ್ಗಿಸಿ ನಿಂತುಬಿಟ್ಟ. ಮರದ ಹಿಂದಿದ್ದ ನಾನು ಹಣೆ ಚಚ್ಚಿಕೊಂಡೆ.

ಮಾಸಿ ನಗಲಿಲ್ಲ. ಮನೆಯ ಅಜ್ಜಿಯ ಹಾಗೆ ಗಂಭೀರವಾಗಿ ಅವನ ನೆತ್ತಿಯ ಮೇಲೆ ಕೈಯಿಟ್ಟು, "ನೂರು ಕಾಲ ಬಾಳು ಮಗ. ಒಳ್ಳೆ ಹೆಣ್ಣು ಸಿಕ್ಕಲಿ," ಎಂದಳು.

"ಸಿಕ್ಕಾಯ್ತು," ಎಂದ ಜೋಗಿ, ತಲೆ ಎತ್ತದೆಯೇ.

ಅಷ್ಟೆಲ್ಲ ಬಾಯಿಪಾಠ ಮಾಡಿಸಿದ್ದೆನಲ್ಲ, ಅದರಲ್ಲಿ ಈ ಮಾತು ಇರಲೇ ಇಲ್ಲ.