ಗೆದ್ದಲಿನ ಬಿಡಾರ ಬದಲಿಸಿದ ಗೌಂಡಿ

ಗೌಂಡಿ ಕಾಕಾನ ಬಲಗಿವಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಎಡಗಿವಿ ಮೈಬಣ್ಣದ್ದೇ, ಕಪ್ಪು. ಹಳೆಯ ಗೋಡೆಗೆ ಕೈ ಹಚ್ಚುವ ಮೊದಲು ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳುವುದು ಅವರ ರೂಢಿ. ಗೋಡೆಯ ಸುಣ್ಣ ಕಿವಿಗೆ ಹತ್ತುತ್ತಿತ್ತು. ಅವರು ಒರೆಸಿಕೊಳ್ಳುತ್ತಿರಲಿಲ್ಲ.

ಏಕಸಂಬಿಯ ನಮ್ಮ ಮನೆಗೆ ಅವರು ಬಂದದ್ದು ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ಮುತ್ತಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆಯ ಮನೆ ಅದು. ಅಪ್ಪನ ಕಾಲಕ್ಕೆ, ಮಳೆ ಹಿಡಿದರೆ ಪಡಸಾಲೆಯಲ್ಲಿ ಪಾತ್ರೆ ಇಡದ ಜಾಗ ಉಳಿದಿರಲಿಲ್ಲ. ಗೋಡೆ ಉಳಿಸಿ, ಮೇಲಿನ ಮಣ್ಣು ತೆಗೆದು, ಹಂಚು ಹೊದಿಸುವುದೆಂದು ಅಪ್ಪ ತೀರ್ಮಾನಿಸಿದ. ಭೋಜ ಎಂಬ ಊರಿನಿಂದ ಗಾರೆ ಕೆಲಸದ ಈ ಗೌಂಡಿಯನ್ನು ಕರೆಸಿದ. ನಾನು ಆಗ ಚಿಕ್ಕೋಡಿಯ ಕಾಲೇಜಿನಲ್ಲಿ ಓದುತ್ತಿದ್ದೆ. ರಜೆ ಇದ್ದುದರಿಂದ ಎಲ್ಲವನ್ನೂ ಕಣ್ಣಾರೆ ನೋಡಿದೆ.

ಕಾಕಾ ಇಟ್ಟಿಗೆ ಎಣಿಸುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ಕೆಲಸ ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಅವರಿಗೆ ಆಗುತ್ತಿರಲಿಲ್ಲ. "ಅದನ್ನ ಕೇಳಬ್ಯಾಡ್ರಿ ಅಣ್ಣಾರ. ಚಾ ಯಾವಾಗ ಅಂತ ಕೇಳ್ರಿ, ಹೇಳ್ತೀನಿ," ಎನ್ನುತ್ತಿದ್ದರು.

ಆಯಿ, ಅಂದರೆ ಅಪ್ಪನ ತಾಯಿ, ಬಸದಿಗೆ ಹೋಗಿ ಬರದೆ ಬಾಯಿಗೆ ಹನಿ ನೀರು ಹಾಕುವವಳಲ್ಲ. ನೀರು ಸೋಸಿ ಕುಡಿಯುವುದು ನಮ್ಮ ಜೈನ ಮನೆಗಳಲ್ಲಿ ಹೊಸದೇನಲ್ಲ. ಆಯಿ ಗಾರೆ ಕಲಸುವ ನೀರನ್ನೂ ಸೋಸಬೇಕೆಂದಳು.

"ಆಯಿ, ಈ ನೀರ ಮಂದಿ ಕುಡ್ಯಾಂಗಿಲ್ರಿ, ಗ್ವಾಡಿ ಕುಡೀತೈತಿ," ಎಂದರು ಕಾಕಾ.

"ನೀರಾಗಿನ ಹುಳಕ್ಕ ಅದು ಗೊತ್ತೈತೇನೋ ತಮ್ಮಾ?"

ಕಾಕಾ ತಲೆಯ ರುಮಾಲು ಬಿಚ್ಚಿ ಪೀಪಾಯಿಯ ಬಾಯಿಗೆ ಕಟ್ಟಿದರು. ಮರುದಿನ ಆಯಿಯೇ ಬೇರೆ ಬಟ್ಟೆ ತಂದುಕೊಟ್ಟಳು. ಆ ರುಮಾಲಿನಲ್ಲಿ ಸೋಸಿದ ನೀರು ತಂಬಾಕು ನಾರುತ್ತದೆ ಎಂಬುದು ಅವಳ ತಕರಾರು.

ಮಾಳಿಗೆ ತೆಗೆದ ಮೂರನೆಯ ದಿನ ಕಾಕಾ ಏಣಿ ಹತ್ತಿ ಪಡಸಾಲೆಯ ನಡುತೊಲೆಗೆ ಕಿವಿಯಿಟ್ಟರು. ಬಹಳ ಹೊತ್ತು ಹಾಗೇ ನಿಂತು, ಕೆಳಗಿದ್ದ ಅಪ್ಪನಿಗೆ ಹೇಳಿದರು:

"ಒಳಗ ಪಂಕ್ತಿ ಕುಂತೈತ್ರಿ ಅಣ್ಣಾರ. ಊಟ ಜೋರ ನಡದೈತಿ."

ಗೆದ್ದಲು. ತೊಲೆ ಮಾತ್ರವಲ್ಲ, ಅದು ಕೂತಿದ್ದ ಗೋಡೆಯ ತಲೆಯೂ ಗೆದ್ದಲುಮಯವಾಗಿತ್ತು. ಅಪ್ಪ ಚಿಕ್ಕೋಡಿಗೆ ಹೋಗಿ ವಿಷದ ಪುಡಿ ತಂದ. ತೊಲೆ ಇಳಿಸಿ ಸುಡುವುದು, ಗೋಡೆಗೆ ಪುಡಿ ಹೊಡೆಯುವುದು ಎಂದ. ಆಯಿ ಕೆಲಸದವರೆಲ್ಲರ ಎದುರಿಗೇ ಹೇಳಿದಳು:

"ಸುಡ್ತಿ ಅಂದ್ರ ಸುಡು. ಆದ್ರ ಆ ಸೂರಿನ ಕೆಳಗ ನಾ ತುತ್ತ ಎತ್ತಂಗಿಲ್ಲ. ತೋಟದ ಗುಡಸಲಕ್ಕ ಹೋಗ್ತೀನಿ."

"ಹುಳಕ್ಕ ಹೆದರಿ ಮನಿ ಬಿಡ್ತೀ ಏನವ್ವಾ?"

"ಹುಳಕ್ಕಲ್ಲ, ನಿನಗ."

ಮಧ್ಯಾಹ್ನದ ಹೊತ್ತಿಗೆ ಟ್ರಂಕು ತೋಟಕ್ಕೆ ಹೋಯಿತು, ಹಿಂದೆ ಆಯಿ. ಮದುವೆಯಾಗಿ ಬಂದಾಗಿನಿಂದ ಅವಳು ಹಾಗೆ ಮನೆ ಬಿಟ್ಟವಳಲ್ಲ. ಅಪ್ಪನೂ ಸೋಲುವವನಲ್ಲ. "ಮಿರಗದ ಮಳಿಗೆ ಹತ್ತ ದಿನ ಉಳದೈತಿ. ಹುಳಾ ಇಟಗೊಂಡ ಮನಿ ಕಟ್ಟಾಕ ಆಗತೈತೇನ್ ಗೌಂಡಿ?" ಎಂದು ಕೇಳಿದ.

"ಒಂದ ದಿನ ಕೊಡ್ರಿ. ಸುಡೂದು ಎಲ್ಲಿಗೂ ಓಡಿ ಹೋಗಂಗಿಲ್ಲ," ಎಂದರು ಕಾಕಾ.

ಮರುದಿನ ಎಂಟು ಜನ ಹಗ್ಗ ಕಟ್ಟಿ ತೊಲೆ ಇಳಿಸಿದರು. ಅದಕ್ಕೆ ಹಸಿ ಗೋಣಿಚೀಲ ಸುತ್ತಿದರು. ಗೋಡೆಯ ತಲೆಯ ಮಣ್ಣನ್ನು ಕಾಕಾ ತಾವೇ ಕೈಯಿಂದ ಬಿಡಿಸಿ, ಗೆದ್ದಲಿನ ಸಮೇತ ಬುಟ್ಟಿ ತುಂಬಿದರು. ಎಲ್ಲವನ್ನೂ ಚಕ್ಕಡಿಗೆ ಏರಿಸಿ ಹೊರಟರು. ಮುಂದೆ ನಡೆಯುತ್ತ, ಎತ್ತು ಹೊಡೆಯುವವನಿಗೆ ದಾರಿಯುದ್ದಕ್ಕೂ ಕಾಕಾನದು ಒಂದೇ ಕೂಗು: "ಹಗೂರ ಲೇ, ಹಗೂರ! ಒಳಗ ಬಾಣಂತ್ಯಾರ ಅದಾರ!"

"ಏನ್ ಕಾಕಾ, ತೊಲಿ ಮೆರವಣಗಿ?" ಎಂದು ಕಟ್ಟೆಯ ಮೇಲೆ ಕೂತವರು ಕೇಳಿದರು.

"ನಾಕ ತಲಿಮಾರಿಂದ ಬಾಡಗಿ ಕೊಡಲಾರದ ಕುಂತಿದ್ರು. ಬಿಡಾರ ಖಾಲಿ ಮಾಡಸಾಕತ್ತೀವಿ."

ತೋಟದ ಒಡ್ಡಿನ ಮೇಲೆ, ಜಾಲಿಯ ನೆರಳಲ್ಲಿ ತೊಲೆ ಇಟ್ಟು, ಬುಟ್ಟಿಗಳ ಮಣ್ಣನ್ನು ಅದರ ಬಗಲಿಗೆ ಸುರಿದರು. ಆಯಿ ಗುಡಿಸಲಿನಿಂದ ಬಂದು ನಿಂತು ನೋಡಿದಳು.

"ಎಲ್ಲಾ ಬಂದಾವೇನೋ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾಕಾ ಹಾಗೆನ್ನಲಿಲ್ಲ.

"ಸುಳ್ಳ ಹೇಳಂಗಿಲ್ರಿ ಆಯಿ. ಕೈಗೆ ಸಿಕ್ಕಾವ್ನ ತಂದೀನಿ. ಉಳದಾವು ಅಲ್ಲೇ ಅದಾವು. ಹೊಸಾ ತೊಲಿ ಕೆಳಗ ಕಲ್ಲ ಇಡ್ತೀನಿ. ತಿನ್ನಾಕ ಸಿಗಲಿಲ್ಲಂದ್ರ ತಾವ ಎದ್ದ ಹೋಗ್ತಾವು."

"ಕಾಲಾಗ, ಕೈಯಾಗ ಸಿಕ್ಕ ಸತ್ತಾವು?"

"ಸತ್ತಿರಬೇಕ್ರಿ. ಆ ಪಾಪ ನನ್ನ ಹೆಸರಿಗೆ ಹಚ್ರಿ. ನಾ ಹ್ಯಾಂಗೂ ಮೀನ ತಿನ್ನಾವ."

ಆಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಟ್ರಂಕ ಎತ್ತಿಡೋ," ಎಂದಳು. ಖಾಲಿ ಚಕ್ಕಡಿಯಲ್ಲಿ ಅವಳೂ ಟ್ರಂಕೂ ಮನೆಗೆ ಬಂದರು. ಅಪ್ಪ ಪುಡಿಯ ಪೊಟ್ಟಣವನ್ನು ಅಂಗಡಿಗೆ ತಿರುಗಿಸಿದ. ಮುಂದೆ ಪತ್ರಿಕೆಯ ಕೆಲಸದಲ್ಲಿ ನಾನು ಸಾವಿರಾರು ಜನರನ್ನು ಪ್ರಶ್ನೆ ಕೇಳಿದ್ದೇನೆ. ತನಗೇ ತೊಡಕಾಗಬಹುದಾದ ಉತ್ತರವನ್ನು ಅಷ್ಟು ನೆಟ್ಟಗೆ ಕೊಟ್ಟವರು ಕಡಿಮೆ.

ಮಿರಗದ, ಅಂದರೆ ಮೃಗಶಿರೆಯ, ಮೊದಲ ಮಳೆ ಬಂದಾಗ ಅಡುಗೆಮನೆಯ ಮೂಲೆಗೆ ಇನ್ನೂ ಹಂಚು ಕೂತಿರಲಿಲ್ಲ. ಕಾಕಾ ಅಲ್ಲಿ ಕೊಡೆ ಹಿಡಿದು ನಿಂತರು, ಆಯಿ ಕೆಳಗೆ ಕೂತು ರೊಟ್ಟಿ ಬಡಿದಳು. "ಈಗರೆ ಹೇಳೋ, ಯಾವಾಗ ಮುಗೀತೈತಿ?" ಎಂದು ಆಯಿ ಕೇಳಿದ್ದಕ್ಕೆ, "ಚಾ ಆತಂದ್ರ ಹೇಳ್ತೀನ್ರಿ," ಎಂದರು.

ಅದಾದ ಮೇಲೆ ಆಯಿ ಹನ್ನೊಂದು ವರ್ಷ ಬದುಕಿದಳು. ಅವಳು ಹೋದ ಮರುವರ್ಷ ಕಾಕಾ ತೀರಿಕೊಂಡರು. ಸುದ್ದಿ ತಿಳಿದಾಗ ನಾನು ಬೆಳಗಾವಿಯಲ್ಲಿದ್ದೆ. ಬಸ್ಸು ಹಿಡಿದು ಭೋಜಕ್ಕೆ ಹೋದೆ. ಅಪ್ಪ ನನಗಿಂತ ಮೊದಲೇ ಬಂದು, ಅವರ ಮಗನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಆಯಿ ಮನೆ ಬಿಟ್ಟ ವಿಷಯವನ್ನು ಅಪ್ಪ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿದ್ದು ಅಂದೇ, ಒಂದೇ ಸಲ.

"ನಮ್ಮವ್ವ ಕಡೀ ತುತ್ತ ನಮ್ಮ ಮನ್ಯಾಗ ಉಂಡ್ಲು ತಮ್ಮಾ. ನಾ ಆಕೀನ ಕಳಕೊಂಡಿದ್ನಿ. ನಿಮ್ಮಪ್ಪ ಕರಕೊಂಡ ಬಂದ."