ಪಾದದಕ್ಕನ ಕೈ

ನಮ್ಮ ಆರೋಗ್ಯ ಕೇಂದ್ರದ ನರ್ಸಿಗೆ ಊರೆಲ್ಲ ಪಾದದಕ್ಕ ಎನ್ನುತ್ತದೆ. ಮುಖ ನೋಡಿ ಮಣೆ ಹಾಕುವ ಜನರ ನಡುವೆ ಈಕೆ ಕಾಲು ನೋಡಿ ಮಾತಾಡಿಸುವವರು. ತರಕಾರಿ ಅಂಗಡಿಯ ಮುಂದೆ ಸಿಕ್ಕರೂ ಮೊದಲ ಮಾತು, “ಹಿಮ್ಮಡಿ ಒಡೆದಿದೆಯಲ್ಲ, ಎಣ್ಣೆ ಹಚ್ಚಲ್ವಾ?” ವಾರಕ್ಕೆ ಎರಡು ದಿನ ಸಕ್ಕರೆ ಕಾಯಿಲೆಯವರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ತಾವು ಮೋಟು ಸ್ಟೂಲಿನ ಮೇಲೆ ಕುಳಿತು, ಒಂದೊಂದೇ ಪಾದವನ್ನು ಮಡಿಲಿಗೆ ಎತ್ತಿಕೊಳ್ಳುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ.

ನಾನು ದರ್ಜಿ, ನನಗೂ ಸಕ್ಕರೆ ಕಾಯಿಲೆ. ನನ್ನಣ್ಣನೂ ದರ್ಜಿಯೇ, ಇದೇ ಕಾಯಿಲೆ ಅವನಿಗೂ ಇದೆ. ದೊಡ್ಡಾಸ್ಪತ್ರೆಗೆ ಕಾಲು ತೋರಿಸಲು ಹೋದವನು ಮೊಣಕಾಲಿನ ಕೆಳಗೆ ಒಂದು ಕಾಲಿಲ್ಲದೆ ಬಂದ. ಅವನು ಹೋದದ್ದೇ ತಡವಾಗಿ ಎಂಬುದು ನನಗೆ ಹೊಳೆಯಲಿಲ್ಲ. ತೋರಿಸಿದರೆ ಕತ್ತರಿಸುತ್ತಾರೆ ಎಂಬುದೊಂದೇ ತಲೆಯಲ್ಲಿ ಕೂತಿತು. ಪೆಡಲ್ ತುಳಿಯುವ ಕಾಲು ಹೋದರೆ ದರ್ಜಿಗೆ ಇನ್ನೇನು ಉಳಿಯಿತು? ಹಾಗಾಗಿ ಹೆಂಡತಿ ನನ್ನನ್ನು ಪಾದದಕ್ಕನ ಬೆಂಚಿಗೆ ಎಳೆದು ತಂದ ದಿನ, ಏನು ಕೇಳಿದರೂ ಚೆನ್ನಾಗಿದೆ ಎನ್ನುವುದೆಂದು ತೀರ್ಮಾನಿಸಿಯೇ ಹೋಗಿದ್ದೆ.

“ಕಣ್ಣು ಮುಚ್ಕೊಳ್ಳಿ ಟೈಲರಣ್ಣ. ಈ ನೈಲಾನ್ ಎಳೆ ಮುಟ್ಟಿದಾಗೆಲ್ಲ ಹ್ಞೂಂ ಅನ್ನಿ,” ಎಂದರು.

ಎಡಗಾಲಿನಲ್ಲಿ ಮುಟ್ಟಿದ್ದೆಲ್ಲ ಗೊತ್ತಾಯಿತು. ಅವರ ಕೈ ಹೊಲಿಗೆ ಮೆಷಿನ್ನಿನ ಹಾಗೆ ಒಂದೇ ಲಯದಲ್ಲಿ ಓಡುತ್ತಿತ್ತು. ಮೂವತ್ತು ವರ್ಷ ಪೆಡಲ್ ತುಳಿದವನಿಗೆ ಲಯ ಹಿಡಿಯುವುದು ಕಷ್ಟವೇ? ಬಲಗಾಲಿಗೆ ಬಂದಾಗ ಏನೂ ಗೊತ್ತಾಗಲಿಲ್ಲ. ಆದರೂ ಅದೇ ಲಯಕ್ಕೆ ಹ್ಞೂಂ, ಹ್ಞೂಂ ಎನ್ನುತ್ತಾ ಹೋದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ನನ್ನಷ್ಟು ಧೈರ್ಯ ಇರಲಿಕ್ಕಿಲ್ಲ.

ಹೆಂಡತಿ ಕಿಸಕ್ಕನೆ ನಕ್ಕಳು. ಕಣ್ಣು ಬಿಟ್ಟರೆ, ಪಾದದಕ್ಕ ಕೈ ಕಟ್ಟಿಕೊಂಡು ಕುಳಿತಿದ್ದಾರೆ!

“ನಾನು ಕೈ ತೆಗೆದ ಮೇಲೂ ನಾಲ್ಕು ಹ್ಞೂಂ ಆಯ್ತು,” ಎಂದರು. ನಾನು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುವವರು.

ಬೈಯಲಿಲ್ಲ. ಬಲಗಾಲನ್ನು ಬೆಳಕಿಗೆ ತಿರುಗಿಸಿ ಕಿರುಬೆರಳಿನ ಬುಡ ಒತ್ತಿದರು, ಕೀವು ಬಂತು. ಡಾಕ್ಟರನ್ನು ಕರೆದರು. ಗಾಯ ಬಿಡಿಸಿದಾಗ ಹೊರಬಿದ್ದದ್ದು ಒಂದು ಗುಂಡುಸೂಜಿಯ ತುಂಡು, ನನ್ನದೇ ಅಂಗಡಿಯದು. ಅದರ ಮೇಲೆ ಎಷ್ಟು ದಿನ ಪೆಡಲ್ ತುಳಿದಿದ್ದೆನೋ! ಹೆಂಡತಿಯ ನಗು ನಿಂತಿತು.

“ಕಾಲು ತೆಗೀತಾರಾ ಅಕ್ಕ?” ಎಂದೆ.

“ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ? ಇವತ್ತು ಬಂದಿದ್ದೀರಲ್ಲ. ಇನ್ನೊಂದು ತಿಂಗಳು ಮನೇಲೇ ಕೂತಿದ್ದಿದ್ರೆ ಕೊಡಲಿನೇ ಬೇಕಾಗ್ತಿತ್ತು.”

ಏಳು ವಾರ ಬಲಗಾಲು ಊರುವಂತಿರಲಿಲ್ಲ. ಮೆಷಿನ್ನಿನ ಗಾಲಿಗೆ ಕೈಯಲ್ಲಿ ತಿರುಗಿಸುವ ಹಿಡಿಕೆ ಹಾಕಿಸಿಕೊಳ್ಳಿ ಎಂದವರೂ ಅಕ್ಕನೇ. ಹೆಂಡತಿ ಗಾಲಿ ತಿರುಗಿಸಿದಳು, ನಾನು ಬಟ್ಟೆ ಹಿಡಿದೆ. ಅವಳ ಅವಸರಕ್ಕೆ ಒಂದು ಪ್ಯಾಂಟಿನ ಜೇಬಿನ ಬಾಯಿಯೇ ಮುಚ್ಚಿಹೋಯಿತು. ದಿನ ಬಿಟ್ಟು ದಿನ ಡ್ರೆಸ್ಸಿಂಗ್. ನನಗೆ ಹೋಗಲಾಗದ ದಿನ ಅಕ್ಕನೇ ಚೀಲ ಹೊತ್ತು ಮನೆಗೆ ಬಂದರು. ಒಂದು ಸಂಜೆ ಅಣ್ಣನೂ ಬಂದು, ಊರುಗೋಲನ್ನು ಗೋಡೆಗೆ ಒರಗಿಸಿ, ಅವರು ಗಾಯ ತೊಳೆಯುವುದನ್ನೇ ನೋಡುತ್ತಾ ಕುಳಿತ. “ನಾನೂ ಮೊದಲೇ ಇವರ ಹತ್ರ ಬಂದಿದ್ರೆ...” ಎಂದು ಅರ್ಧಕ್ಕೇ ನಿಲ್ಲಿಸಿದ.

ಅಕ್ಕ ತಲೆಯೆತ್ತಿ, “ಇನ್ನೊಂದು ಕಾಲಿದೆಯಲ್ಲ ಅಣ್ಣ, ಇಲ್ಲಿ ಚಾಚಿ,” ಎಂದರು.

ನನ್ನ ಗಾಯ ಒಣಗಿದ ದಿನ ಮತ್ತೆ ಅದೇ ಬೆಂಚು. ಅಂಗೈಯನ್ನು ನನ್ನ ಬಲ ಅಂಗಾಲಿಗೆ ಒತ್ತಿ, “ಗೊತ್ತಾಗ್ತಿದೆಯಾ?” ಎಂದು ಕೇಳಿದರು.

“ಇಲ್ಲ ಅಕ್ಕ,” ಎಂದೆ.

“ಈಗ ಸರಿಯಾಗಿ ಹೇಳಿದ್ರಿ,” ಎಂದು ನಕ್ಕರು.

ನನಗೆ ತಡೆಯಲಾಗಲಿಲ್ಲ. “ಆ ಕೈ ಒಂದ್ಸಲ ಕೊಡಿ ಅಕ್ಕ,” ಎಂದು ಅದನ್ನು ನನ್ನೆರಡು ಕೈಗಳಲ್ಲಿ ಹಿಡಿದೆ. ಸೋಪಿನ ನೀರಿಗೆ ಬಿರಿದು ಕ್ಯಾನ್ವಾಸಿನಷ್ಟು ಒರಟಾಗಿತ್ತು, ಬೆಚ್ಚಗಿತ್ತು. ಏಳು ವಾರ ಈ ಕೈ ನನ್ನ ಕಾಲನ್ನು ತೊಳೆದಿತ್ತು. ಕಾಲಿಗೆ ಒಂದು ದಿನವೂ ಅದು ತಿಳಿದಿರಲಿಲ್ಲ.

“ಸಾಕು ಬಿಡಿ, ಜನ ಕಾಯ್ತಿದ್ದಾರೆ. ಚಪ್ಪಲಿ ಕೊಡವಿ ಹಾಕ್ಕೊಳ್ಳಿ,” ಎಂದರು.

ಕೊಡವಿ ಹಾಕಿಕೊಂಡೆ. ಎರಡು ಕಾಲಲ್ಲಿ ನಡೆದು ಮನೆಗೆ ಹೋದೆ.