ಬದುವಿನ ಮೇಲೆ ಕೂತವಳು

ನಾನು ಪುರಾಣ ಓದುವವಳಾದದ್ದು ಭಕ್ತಿಯಿಂದಲ್ಲ, ಸಂಜೆ ಕಳೆಯುತ್ತಿರಲಿಲ್ಲ ಎಂಬ ಕಾರಣಕ್ಕೆ. ಹೊಸಪೇಟೆಯಿಂದ ಸಂಡೂರಿನ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಹೈಸ್ಕೂಲಿನ ಕನ್ನಡ ಟೀಚರಾಗಿದ್ದೆ. ಗಂಡನ ಮನೆ ಬಿಟ್ಟು ಬಂದು ನಾಲ್ಕು ವರ್ಷವಾಗಿತ್ತು. ಕೆಲಸ ಬಿಡು ಎಂದಿದ್ದರು, ಬಿಡಲಿಲ್ಲ. ಅಷ್ಟೇ ನನ್ನ ಕಥೆ. ತವರಿನವರು ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳಿಗೆಂದು ಅನ್ನಕ್ಕಿಟ್ಟರೆ ಅದು ಪಾತ್ರೆಯ ತಳವನ್ನೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ಭಾನುವಾರ ಬೇಸರವಾದರೆ ಬಸ್ಸು ಹತ್ತಿ ಹಂಪಿ ಬಜಾರಿಗೆ ಹೋಗಿ, ಯಾವುದಾದರೂ ಕಲ್ಲಿನ ಮಂಟಪದ ನೆರಳಲ್ಲಿ ಕೂತು, ಫೋಟೋ ತೆಗೆಸಿಕೊಳ್ಳುವವರನ್ನು ನೋಡಿ ವಾಪಸು ಬರುತ್ತಿದ್ದೆ.

ಗಣಿ ಜೋರಾಗಿದ್ದ ವರ್ಷಗಳವು. ಅದಿರಿನ ಲಾರಿಗಳು ಹಗಲಿಡೀ ಸಾಲುಗಟ್ಟಿ ಹೋಗುತ್ತಿದ್ದವು. ಒಗೆದು ಹಾಕಿದ ಬಿಳಿ ಸೀರೆ ಒಣಗುವಷ್ಟರಲ್ಲಿ ಕೆಂಪಾಗಿರುತ್ತಿತ್ತು. ಊರಿನ ಗಂಡಸರೆಲ್ಲ ಟಿಪ್ಪರು, ಪರ್ಮಿಟ್ಟು, ಲೋಡು ಎಂದು ಓಡಾಡುತ್ತಿದ್ದುದರಿಂದ ಶ್ರಾವಣದ ಪುರಾಣಕ್ಕೆ ಓದುವವರೇ ಸಿಗಲಿಲ್ಲ. ಗುಡಿಯ ಹಿರಿಯರು ನನ್ನ ಮನೆಗೆ ಬಂದರು. ಹೆಂಗಸು ಓದಬಹುದೇ ಎಂದು ಕೇಳಿದೆ. ಓದಲು ಬಂದರೆ ಸಾಕು ಎಂದರು. ಕಾಲ ಕೆಟ್ಟದ್ದರಿಂದ ನನಗೊಂದು ಒಳ್ಳೆಯದಾಯಿತು.

ಆ ಪುರಾಣ ಅಚ್ಚಾದದ್ದಲ್ಲ. ಆ ಊರಿನವರೇ ಯಾರೋ ಹಿಂದೆ ಬರೆದಿಟ್ಟ ಕೈಬರಹದ ಪುಸ್ತಕ. ಹಳದಿ ಬಟ್ಟೆಯಲ್ಲಿ ಸುತ್ತಿ ಗುಡಿಯ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಓದುವುದಕ್ಕೆ ಒಂದು ಕಟ್ಟಳೆಯಿತ್ತು. ಒಬ್ಬರು ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸಬೇಕು. ಬಲಪಕ್ಕದಲ್ಲಿ ಕೂತ ಇನ್ನೊಬ್ಬರು ಅದಕ್ಕೆ ಅರ್ಥ ಹೇಳಬೇಕು. ಓದುವವರು ಅರ್ಥ ಹೇಳುವಂತಿಲ್ಲ, ಅರ್ಥ ಹೇಳುವವರು ಪುಸ್ತಕ ಮುಟ್ಟುವಂತಿಲ್ಲ. ಇನ್ನೂ ಒಂದಿತ್ತು: ದುಃಖದ ಪದ್ಯದಲ್ಲಿ ಅಂದಿನ ಓದು ಮುಗಿಸುವಂತಿಲ್ಲ. ಎಷ್ಟೇ ಹೊತ್ತಾದರೂ ಒಳ್ಳೆಯದಾಗುವವರೆಗೆ ಓದಿಯೇ ಪುಸ್ತಕ ಮುಚ್ಚಬೇಕು.

ಅರ್ಥ ಹೇಳುತ್ತಿದ್ದವರು ಒಬ್ಬ ಒಕ್ಕಲಿಗ ಅಜ್ಜ. ಅಕ್ಷರ ಬರುತ್ತಿರಲಿಲ್ಲ. ಆದರೆ ನಾನು ಓದಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆ ಪದ್ಯ ಅವರ ಬಾಯಲ್ಲಿ ಮಾತಾಗುತ್ತಿತ್ತು. ನಾನು ತರಗತಿಯಲ್ಲಿ ಪದಗಳ ಅರ್ಥ ಬರೆಸುವವಳು. ಅವರು ಅವೇ ಪದಗಳನ್ನು ಎತ್ತು, ಬಿತ್ತನೆ, ಸೊಸೆ, ಜ್ವರ ಎಂದು ಬಿಡಿಸಿಡುತ್ತಿದ್ದರು. ಮೊದಲ ವರ್ಷ ಒಳಗೊಳಗೇ ತಪ್ಪು ಹುಡುಕಿದೆ. ಎರಡನೆಯ ವರ್ಷ ಅವರು ಏನು ಹೇಳುತ್ತಾರೋ ಎಂದು ಮಧ್ಯಾಹ್ನದಿಂದಲೇ ಕಾಯತೊಡಗಿದೆ. ವರ್ಷದಲ್ಲಿ ಒಂದು ತಿಂಗಳು ನನ್ನ ದನಿಗೆ ಇನ್ನೊಂದು ದನಿ ಸಿಗುತ್ತಿತ್ತು. ಉಳಿದ ಹನ್ನೊಂದು ತಿಂಗಳು ಆ ಒಂದು ತಿಂಗಳನ್ನು ನೆನೆಸಿಕೊಂಡು ಕಳೆಯುತ್ತಿದ್ದೆ ಎಂದರೆ ಸುಳ್ಳಲ್ಲ.

ಆ ಪುಸ್ತಕದಲ್ಲಿ ಎಲ್ಲರೂ ಕಾಯುತ್ತಿದ್ದುದು ಹೊಲದ ಸಂಧಿಯನ್ನು. ಶಿವ ಭಿಕ್ಷುಕನ ವೇಷದಲ್ಲಿ ಒಬ್ಬ ರೈತನ ಬಾಗಿಲಿಗೆ ಬಂದು ಅವನ ಹೊಲವನ್ನೇ ಕೇಳುತ್ತಾನೆ. ರೈತ ಕೈಯಿಂದ ನೀರು ಬಿಟ್ಟು ಕೊಟ್ಟೇಬಿಡುತ್ತಾನೆ. ಹೆಂಡತಿ ಮಾತ್ರ ಹೊಲದ ಬದುವಿನ ಮೇಲೆ ಹೋಗಿ ಕೂರುತ್ತಾಳೆ. ಮೂರು ದಿನ ಉಣ್ಣುವುದಿಲ್ಲ, ಏಳುವುದಿಲ್ಲ. ನಾಲ್ಕನೆಯ ದಿನ ಬೆಳೆದು ನಿಂತ ಪೈರಿನ ಸಮೇತ ಹೊಲ ತಿರುಗಿ ಬರುತ್ತದೆ. ಆ ಸಂಧಿಯ ದಿನ ಊರಿನ ಹೆಂಗಸರು ಒಂದು ಹಿಡಿ ಬಿತ್ತನೆ ಜೋಳವನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬರುತ್ತಿದ್ದರು. ಹೊಲ ತಿರುಗಿ ಬಂದ ಪದ್ಯಕ್ಕೆ ಅಜ್ಜ ಅರ್ಥ ಹೇಳಿ ಮುಗಿಸಿದ ಮೇಲೆ ಗಂಟು ಬಿಚ್ಚಿ, ನಾಲ್ಕು ಕಾಳು ಪುಸ್ತಕದ ಮುಂದೆ ಹಾಕಿ, ಉಳಿದದ್ದನ್ನು ಬಿತ್ತನೆಗೆ ಒಯ್ಯುವುದು ಪದ್ಧತಿ.

ಅಜ್ಜನ ಹೆಂಡತಿ ಮಲಪನಗುಡಿ ಕಡೆಯವರು. ಹೆಂಗಸರ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂರುತ್ತಿದ್ದರು. ಮೊದಲ ಎರಡು ವರ್ಷ ಬದುವಿನ ಪದ್ಯ ಬಂದಾಗ ಅಜ್ಜ ಹೆಚ್ಚು ಮಾತಾಡಲಿಲ್ಲ. ಉತ್ತ ಹೊಲ ಅದು, ಕುಂದ್ರಲೇಬೇಕು ಎಂದಿಷ್ಟೇ ಹೇಳಿ ಮುಂದಿನ ಪದ್ಯಕ್ಕೆ ನನ್ನ ಕಡೆ ನೋಡಿದ್ದರು.

ಮೂರನೆಯ ವರ್ಷದ ಬೇಸಿಗೆಯಲ್ಲಿ ಅಜ್ಜ ರಸ್ತೆ ಪಕ್ಕದ ತಮ್ಮ ಒಂದೇ ಹೊಲವನ್ನು ಅದಿರು ಸುರಿಯಲು ಕೊಟ್ಟರು. ಸುತ್ತಲಿನವರೆಲ್ಲ ಕೊಟ್ಟಾಗಿತ್ತು. ಧೂಳು ಕೂತು ಬೆಳೆಯೂ ಬರುತ್ತಿರಲಿಲ್ಲ. ಅಜ್ಜಿ ಬೇಡ ಎಂದಿದ್ದರಂತೆ, ಅಜ್ಜ ಹೆಬ್ಬೆಟ್ಟು ಒತ್ತಿ ಬಂದರಂತೆ, ಅಂದಿನಿಂದ ಒಂದೇ ಮನೆಯಲ್ಲಿದ್ದೂ ಇಬ್ಬರಿಗೂ ಮಾತಿಲ್ಲವಂತೆ. ಊರಲ್ಲಿ ಇದನ್ನು ನಗುತ್ತಾ ಹೇಳುತ್ತಿದ್ದರು. ನನಗೆ ನಗು ಬರಲಿಲ್ಲ. ಒಂದೇ ಮನೆಯಲ್ಲಿ ಮಾತಿಲ್ಲದೆ ಇರುವುದು ಏನೆಂದು ನನಗೆ ಗೊತ್ತಿತ್ತು.

ಶಾಲೆಯಲ್ಲಿ ಗಣಿತದ ಟೀಚರೊಬ್ಬರಿದ್ದರು, ಬೌದ್ಧ ಮನೆಯವರು. ಅವರ ಮನೆಯಲ್ಲಿ ಭಾನುವಾರ ಎಲ್ಲರೂ ಸೇರಿ ಧಮ್ಮದ ಪುಸ್ತಕ ಓದುತ್ತಿದ್ದರು. ಓದಿದ ಮೇಲೆ ಚಿಕ್ಕ ಮಕ್ಕಳೂ ಪ್ರಶ್ನೆ ಕೇಳಬಹುದಿತ್ತು. ನಮ್ಮ ಹೊಲದ ಸಂಧಿಯ ಕಥೆಯನ್ನು ಅವರಿಗೆ ಹೇಳಿದೆ. ಕೇಳಿ, ಟಿಫಿನ್ ಡಬ್ಬಿ ಮುಚ್ಚುತ್ತಾ, "ಬಂದು ಕೇಳಿದವ ಶಿವಾನ ಅಂತ ಆಕಿಗೆ ಹೆಂಗ ಗೊತ್ತಾಗಬೇಕ್ರಿ?" ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಷ್ಟು ವರ್ಷ ಪದ್ಯ ಬಿಡಿಸುವ ಕೆಲಸ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ಬದುವಿನ ಮೇಲೆ ಕೂತವಳು ನನಗೆ ಈಗ ಬೇರೆಯಾಗಿ ಕಾಣತೊಡಗಿದಳು. ನಿಜ ಹೇಳಬೇಕೆಂದರೆ ನನ್ನ ಹಾಗೇ ಕಾಣತೊಡಗಿದಳು.

ಆ ಸಂಧಿಯ ಸಂಜೆ ಗುಡಿ ತುಂಬಿತ್ತು. ಬದುವಿನ ಪದ್ಯ ಓದಿ ನಿಲ್ಲಿಸಿದೆ. ಅಜ್ಜ ಈ ಸಲ ಒಂದೇ ಮಾತಿಗೆ ಮುಗಿಸಲಿಲ್ಲ. ಹೆಂಗಸರ ಸಾಲಿನ ಕಡೆ ನೋಡದೆ, ದೀಪದ ಕಡೆ ಮುಖ ಮಾಡಿ, ದನಿ ಎತ್ತಿ ಹೇಳಿದರು. "ಶಿವ ಕೇಳ್ದಾಗ ಕೊಟ್ಟದ್ದು ಗಂಡನ ಭಕ್ತಿ. ಕೊಟ್ಟ ಮ್ಯಾಲ ಕುಂತು ಅತ್ತದ್ದು ಹೆಣ್ತಿ ಮೋಹ. ಗಂಡ ಗಳಿಸಿದ ಪುಣ್ಯಾನ ಆಕಿ ಬದುವಿನ ಮ್ಯಾಲ ಕುಂತು ಕಳದ್ಲು." ಇದನ್ನೇ ಎಳೆದೆಳೆದು ಬಹಳ ಹೊತ್ತು ಹೇಳಿದರು. ಗಂಡಸರು ತಲೆಯಾಡಿಸಿದರು. ಅವರಲ್ಲಿ ಹೊಲ ಕೊಟ್ಟವರೇ ಹೆಚ್ಚು.

ಮೋಹ ಎಂಬ ಆ ಮಾತನ್ನು ನನ್ನ ಅತ್ತೆಯ ಮನೆಯಲ್ಲಿ ನನಗೂ ಹೇಳಿದ್ದರು. ಸಿಟ್ಟು ನೆತ್ತಿಗೇರಿತು. ನನ್ನದು ಮೊದಲಿಂದಲೂ ಮೂಗಿನ ತುದಿಯ ಸಿಟ್ಟು. ಅರ್ಥ ಹೇಳುವ ಹಕ್ಕು ನನಗಿರಲಿಲ್ಲ. ಆದರೆ ಪುಸ್ತಕ ನನ್ನ ಕೈಯಲ್ಲಿತ್ತು. ಗುರುತಿಗೆಂದು ಇದ್ದ ನವಿಲುಗರಿಯನ್ನು ಆ ಹಾಳೆಯಲ್ಲೇ ಇಟ್ಟು, ಪುಸ್ತಕ ಮುಚ್ಚಿ, ಇವತ್ತಿಗೆ ಸಾಕು ಎಂದೆ. ಒಬ್ಬ ಹಿರಿಯರು ಗಾಬರಿಯಾಗಿ, ಇಲ್ಲಿ ನಿಲ್ಲಿಸಬಾರದು, ಹೊಲ ಬರುವ ತನಕ ಓದಿರಿ ಎಂದರು. ಗಂಟಲು ನೋವು ಎಂದೆ. ಬಾಯಿ ತಪ್ಪಿಯಲ್ಲ, ಮರೆತೂ ಅಲ್ಲ, ಬೇಕೆಂದೇ ನಿಲ್ಲಿಸಿದೆ. ಆಕೆ ಈ ಊರಿನವರ ಕಣ್ಣೆದುರು ಒಂದು ರಾತ್ರಿಯಾದರೂ ಬದುವಿನ ಮೇಲೆ ಕೂತಿರಲಿ, ಇವರಿಗೆ ನಿದ್ದೆ ಬರದಿರಲಿ ಎಂದುಕೊಂಡೆ. ಅಜ್ಜಿಯ ಪರವಾಗಿ ನಿಂತೆ ಎಂಬ ಹೆಮ್ಮೆಯಲ್ಲಿ ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಮರುದಿನ ಅಜ್ಜ ಬರಲಿಲ್ಲ. ನಿಲ್ಲಬಾರದ ಕಡೆ ನಿಂತ ಪುರಾಣಕ್ಕೆ ತಾನು ಕೂರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಬೇರೆಯವರಿಗೆ ಅರ್ಥ ಹೇಳಲು ಬಾರದು. ಆ ಶ್ರಾವಣ ಮಂಗಳವಾಗದೆಯೇ ಕಳೆಯಿತು. ಸಂಡೂರಿನ ಘಾಟಿನಲ್ಲಿ ಊರಿನವರದೊಂದು ಲಾರಿ ಮಗುಚಿದಾಗ ಪುರಾಣ ನಿಂತದ್ದರಿಂದ ಎಂದರು ಕೆಲವರು. ಯಾರೂ ಸಾಯದೆ ಉಳಿದದ್ದೂ ಪುರಾಣದ ಪುಣ್ಯ ಎಂದರು ಇನ್ನು ಕೆಲವರು. ನಿಂತುಹೋದ ಪುರಾಣಕ್ಕೂ ಊರು ಅರ್ಥ ಹೇಳುವುದನ್ನು ಬಿಡಲಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ, ಮಾತಾಡಿಸಲೂ ಇಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ನನ್ನ ಮನೆಗೆ ಬಂದರು. ಕುಂದ್ರಿ ಎಂದೆ, ಹೊಸ್ತಿಲಲ್ಲೇ ಕೂತರು. ಚಹಾ ಬೇಡ ಎಂದರು. ನನಗೆ ಕೈ ಮುಗಿಯಲು ಬಂದಿರಬೇಕು ಎಂದು ಒಂದು ಗಳಿಗೆ ಅನ್ನಿಸಿತ್ತು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಅಕ್ಕೋರ, ಆಕಿನ್ನ ಅಲ್ಲೇ ಕುಂದ್ರಿಸಿ ಬಂದ್ರಲ್ಲ," ಎಂದರು.

ಅವರು ನಿಮ್ಮನ್ನು ಅಷ್ಟು ಜನರ ಮುಂದೆ ಅಂದಿದ್ದನ್ನು ನನಗೆ ತಡೆಯಲಾಗಲಿಲ್ಲ ಎಂದೆ.

"ಅಂದ್ರ ಅನ್ಲಿ ಬಿಡ್ರಿ. ಸಿಟ್ಟು ಐತಿ, ಅಂತಾರ. ಹೊಲ ಹೊಳ್ಳಿ ಬಂದದ್ದಕ್ಕ ಈ ವರ್ಷ ಅವ್ರು ಏನ್ ಅರ್ಥ ಹೇಳ್ತಾರಂತ ಕೇಳಾಕ ಕುಂತಿದ್ದೆ ನಾನು. ಮನ್ಯಾಗ ಅಂತೂ ಮಾತಿಲ್ಲ. ಏನರ ಹೇಳೂದಿದ್ರ ಅಲ್ಲೇ ಹೇಳ್ತಿದ್ರು."

ಸೆರಗಿನ ಮೂಲೆಯನ್ನು ಮುಂದಕ್ಕೆ ತಂದರು. ಗಂಟು ಹಾಗೇ ಇತ್ತು. ಸೀರೆ ಬದಲಾಯಿಸಿದಾಗಲೆಲ್ಲ ಕಾಳು ತೆಗೆದು ಮತ್ತೆ ಕಟ್ಟಿಕೊಳ್ಳುತ್ತಿದ್ದರಂತೆ. ಬಿತ್ತಲು ಹೊಲವಿಲ್ಲದ ಹೆಂಗಸು ಅಂದು ಎಲ್ಲರ ಹಾಗೆ ಜೋಳ ಕಟ್ಟಿಕೊಂಡು ಬಂದು ಕೂತಿದ್ದಳು. ಓದುವ ಪೀಠದಲ್ಲಿದ್ದ ನನಗೆ ಅದು ಕಂಡಿರಲಿಲ್ಲ. ಉಳಿದ ಪದ್ಯಗಳನ್ನು ಈಗಲೇ ಓದುತ್ತೇನೆ, ಪುಸ್ತಕ ತರಿಸುತ್ತೇನೆ ಎಂದೆ. ಅಜ್ಜಿ ತಲೆಯಾಡಿಸಿದರು.

"ನಿಮ್ದು ಓದೂದು ಅಷ್ಟ. ಅರ್ಥ ಅವ್ರದ ಅಲ್ಲೇನ್ರಿ?" ಎಂದು ಎದ್ದು ಹೋದರು.

ಅದೇ ಸಂಜೆ ಅಜ್ಜನನ್ನು ಹುಡುಕಿಕೊಂಡು ಹೋದೆ. ತಮ್ಮ ಹೊಲಕ್ಕೇ ಅವರು ಕಾವಲುಗಾರರಾಗಿದ್ದರು. ಹೊಲವೆಂದರೆ ಮನೆಯೆತ್ತರದ ಅದಿರಿನ ಗುಡ್ಡೆಗಳು. ಬದು ಎಲ್ಲಿತ್ತೆಂದು ನನಗೆ ತಿಳಿಯಲಿಲ್ಲ. ಗೇಟಿನ ಹತ್ತಿರ ತಗಡಿನ ಗೂಡಿನಲ್ಲಿ ಕೂತಿದ್ದವರು ಎದ್ದು, ಟವೆಲ್ಲಿನಿಂದ ಸ್ಟೂಲಿನ ಧೂಳು ಹೊಡೆದು, ನನ್ನನ್ನು ಕೂರಿಸಿದರು. ತಪ್ಪಾಯಿತು ಎಂದೆ. ದೊಡ್ಡ ಮಾತು ಬ್ಯಾಡ ಎಂದರು. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ. ಹೊಲ ತಿರುಗಿ ಬಂದ ಪದ್ಯಕ್ಕೆ ಏನು ಹೇಳಬೇಕೆಂದಿದ್ದಿರಿ ಎಂದು ಕೇಳಿಯೇಬಿಟ್ಟೆ. ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಓದಿದ ಮ್ಯಾಲ ಬರ್ತೈತ್ರಿ ಅರ್ಥ. ಓದದ ಇದ್ದದ್ದಕ್ಕ ಎಲ್ಲಿಂದ ತರ್ಲಿ ಅಕ್ಕೋರ?"

ಲಾರಿಯೊಂದು ಬಂತು. ಗೇಟು ತೆಗೆಯಲು ಹೋದರು. ನಾನು ಸ್ವಲ್ಪ ಹೊತ್ತು ಕಾದು ಮನೆಗೆ ಬಂದೆ.

ಮುಂದಿನ ಶ್ರಾವಣಕ್ಕೆ ಹಿರಿಯರು ನನ್ನ ಮನೆಯ ಕಡೆ ಬರಲಿಲ್ಲ. ಗುಡಿಯಲ್ಲಿ ಕ್ಯಾಸೆಟ್ಟು ಹಾಕಿದರು. ಅದೇ ವರ್ಷ ಕಂಪ್ಲಿಗೆ ವರ್ಗ ಕೇಳಿ ಪಡೆದೆ. ಹೊರಡುವ ಮುಂಚೆ ಗುಡಿಯವರನ್ನು ಬೇಡಿಕೊಂಡು ಆ ಸಂಧಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಂಪ್ಲಿಯಲ್ಲಿ ಹೊಳೆಯಿದೆ, ಭತ್ತದ ಗದ್ದೆಗಳಿವೆ, ಸೀರೆ ಕೆಂಪಾಗುವುದಿಲ್ಲ. ಅಜ್ಜ ತೀರಿಕೊಂಡ ಸುದ್ದಿ ಅಲ್ಲಿಗೆ ಬಂದಾಗ ಆಗಲೇ ತಿಂಗಳು ಕಳೆದಿತ್ತು. ಕೊನೆಯವರೆಗೂ ಅವರಿಬ್ಬರಿಗೂ ಮಾತಿರಲಿಲ್ಲ ಎಂದು ಸುದ್ದಿ ತಂದವರು ಹೇಳಿದರು. ಅಜ್ಜಿ ತವರಿನ ಕಡೆ ಹೋದರಂತೆ. ಹೋಗಿ ನೋಡುವ ಧೈರ್ಯ ನನಗಾಗಲಿಲ್ಲ.

ಈಗಲೂ ಶ್ರಾವಣ ಬಂದರೆ ಒಂದು ಸಂಜೆ ಆ ನೋಟ್‌ಬುಕ್ಕು ತೆಗೆದು ದೀಪದ ಮುಂದೆ ಕೂರುತ್ತೇನೆ. ಬದುವಿನ ಪದ್ಯದಲ್ಲಿ ನಿಲ್ಲಿಸುವುದಿಲ್ಲ. ಹೊಲ ತಿರುಗಿ ಬರುವವರೆಗೂ ರಾಗವಾಗಿ ಓದುತ್ತೇನೆ. ಓದಿ, ಹಳೆಯ ರೂಢಿಯಂತೆ, ಬಲಕ್ಕೆ ತಿರುಗಿ ಸುಮ್ಮನಾಗುತ್ತೇನೆ. ಅಲ್ಲಿ ಗೋಡೆಯಿದೆ.